ಹತ್ತನೆಯ ಕೆಲಸಗಾರನನ್ನು ಸೇರಿಸಿಕೊಳ್ಳುವ ಮೊದಲು: ಸಣ್ಣ ಉದ್ಯೋಗದಾತರಿಗೆ ಸರ್ಕಾರದಿಂದ ಸಿಗುವುದೇನು?

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಾಗಲಿ, ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಹಲವು ಕಡೆ ಎರಡು ಸಂಖ್ಯೆಗಳು ಎದುರಾಗುತ್ತವೆ. ಒಂದು ಒಂಬತ್ತು, ಇನ್ನೊಂದು ಹತ್ತೊಂಬತ್ತು. ಆರ್ಡರ್ ಹೆಚ್ಚಿದ್ದರೂ, ಯಂತ್ರ ಖಾಲಿ ನಿಂತಿದ್ದರೂ, ಮಾಲೀಕರು ಹತ್ತನೆಯವನ ಅಥವಾ ಇಪ್ಪತ್ತನೆಯವನ ಹೆಸರನ್ನು ಪುಸ್ತಕದಲ್ಲಿ ಬರೆಯಲು ಹಿಂಜರಿಯುತ್ತಾರೆ. ಹತ್ತಕ್ಕೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಅನ್ವಯವಾಗುತ್ತದೆ. ಇಪ್ಪತ್ತಕ್ಕೆ ಭವಿಷ್ಯ ನಿಧಿ ಅನ್ವಯವಾಗುತ್ತದೆ. ಆಮೇಲೆ ಆಳುಗಳ ಸಂಖ್ಯೆ ಇಳಿದರೂ ಈ ಕಾನೂನುಗಳ ವ್ಯಾಪ್ತಿಯಿಂದ ಹೊರಬರುವಂತಿಲ್ಲ. ಗುತ್ತಿಗೆದಾರನ ಮೂಲಕ ಬಂದವರೂ ಈ ಲೆಕ್ಕಕ್ಕೆ ಸೇರುತ್ತಾರೆ ಎಂಬುದು ಎಷ್ಟೋ ಮಾಲೀಕರಿಗೆ ನೋಟಿಸು ಬಂದಮೇಲೆ ತಿಳಿಯುತ್ತದೆ.

ಈ ಹಿಂಜರಿಕೆಯ ಹಿಂದೆ ಇರುವುದು ಖರ್ಚಿನ ಭಯ ಮತ್ತು ಇನ್‌ಸ್ಪೆಕ್ಟರ್ ಭಯ. ಎರಡಕ್ಕೂ ಕಾರಣಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯನ್ನು ಯಾರೂ ಮಾಲೀಕರ ಮುಂದೆ ಕೂತು ಬಿಡಿಸಿ ಹೇಳುವುದಿಲ್ಲ. ಉದ್ಯೋಗ ಕೊಡುವವರಿಗೆ ಇಂದು ಸರ್ಕಾರ ಕೊಡುತ್ತಿರುವ ಪ್ರೋತ್ಸಾಹಧನ, ತೆರಿಗೆ ರಿಯಾಯಿತಿ ಮತ್ತು ವಿಮಾ ರಕ್ಷಣೆಗಳಲ್ಲಿ ಬಹುಪಾಲು ಅದೇ ಹಾಜರಿ ಪುಸ್ತಕದ ದಾರಿಯಲ್ಲೇ ಬರುತ್ತವೆ. ಕೆಲಸಗಾರನ ಹೆಸರು ದಾಖಲೆಗೆ ಬಂದರೆ ನೆರವೂ ಬರುತ್ತದೆ, ಬಾರದಿದ್ದರೆ ನೆರವೂ ಇಲ್ಲ. ಈ ಲೇಖನದಲ್ಲಿ ಹತ್ತರಿಂದ ಐವತ್ತು ಮಂದಿ ದುಡಿಯುವ ಘಟಕವೊಂದನ್ನು ಕಣ್ಣಮುಂದೆ ಇಟ್ಟುಕೊಂಡು ಆ ಲೆಕ್ಕವನ್ನು ಬಿಡಿಸಲು ಪ್ರಯತ್ನಿಸಿದ್ದೇನೆ.

ಇಎಸ್‌ಐ: ಮಾಲೀಕನಿಗೂ ಇರುವ ರಕ್ಷಣೆ

ಇಎಸ್‌ಐ ವಂತಿಗೆಯನ್ನು ಬಹಳಷ್ಟು ಮಾಲೀಕರು ಒಂದು ತೆರಿಗೆಯೆಂದೇ ತಿಳಿದಿದ್ದಾರೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರಿಗೆ ಇದು ಅನ್ವಯ. ಅಂಗವಿಕಲ ನೌಕರರಿಗೆ ಈ ಮಿತಿ 25,000 ರೂಪಾಯಿ. 2019ರ ಜುಲೈಯಿಂದ ಮಾಲೀಕರ ಪಾಲು ವೇತನದ ಶೇಕಡಾ 3.25, ನೌಕರರ ಪಾಲು ಶೇಕಡಾ 0.75. ಅದಕ್ಕೂ ಮೊದಲು ಮಾಲೀಕರು ಶೇಕಡಾ 4.75 ಕಟ್ಟುತ್ತಿದ್ದರು ಎಂಬುದನ್ನು ನೆನೆದರೆ, ಈಗಿನ ಹೊರೆ ಎಷ್ಟು ಇಳಿದಿದೆ ಎಂಬುದು ಗೊತ್ತಾಗುತ್ತದೆ.

ಈ ಹಣಕ್ಕೆ ಪ್ರತಿಯಾಗಿ ಕೆಲಸಗಾರನಿಗೆ ಮತ್ತು ಅವನ ಕುಟುಂಬಕ್ಕೆ ವೈದ್ಯಕೀಯ ಸೇವೆ ದೊರೆಯುತ್ತದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ನಗದು ಸಿಗುತ್ತದೆ. ಇದು ಅನೇಕರಿಗೆ ಗೊತ್ತಿರುವ ಸಂಗತಿ. ಮಾಲೀಕರಿಗೆ ಇದರಿಂದ ಆಗುವ ಉಪಕಾರ ಅಷ್ಟಾಗಿ ಗೊತ್ತಿಲ್ಲ. ಪವರ್ ಪ್ರೆಸ್ಸಿನಲ್ಲಿ ಕೆಲಸಗಾರನೊಬ್ಬನ ಬೆರಳು ಹೋಯಿತು ಎಂದಿಟ್ಟುಕೊಳ್ಳಿ. ಅವನು ಇಎಸ್‌ಐ ವಿಮೆಗೆ ಒಳಪಟ್ಟಿದ್ದರೆ ಚಿಕಿತ್ಸೆ, ತಾತ್ಕಾಲಿಕ ಅಂಗವೈಕಲ್ಯದ ಅವಧಿಯ ಶೇಕಡಾ 90ರ ವೇತನ, ಶಾಶ್ವತ ನಷ್ಟಕ್ಕೆ ಮಾಸಿಕ ಪರಿಹಾರ ಇವೆಲ್ಲವೂ ಇಎಸ್‌ಐ ನಿಗಮದ ಹೊಣೆ. ಅದೇ ಗಾಯಕ್ಕೆ ನೌಕರರ ನಷ್ಟಪರಿಹಾರ ಕಾನೂನಿನಡಿ ಮಾಲೀಕರಿಂದ ಮತ್ತೆ ಪರಿಹಾರ ಕೇಳಲು ಅವಕಾಶವಿಲ್ಲ. ಅವನ ಹೆಸರು ದಾಖಲೆಯಲ್ಲೇ ಇಲ್ಲದಿದ್ದರೆ ಆ ಇಡೀ ಮೊತ್ತ ಮಾಲೀಕರ ತಲೆಯ ಮೇಲೆ ಬೀಳುತ್ತದೆ. ವಂತಿಗೆ ಕಟ್ಟದೆ ಬಿಟ್ಟ ಕಾರಣಕ್ಕೆ ಕೆಲಸಗಾರನಿಗೆ ಸೌಲಭ್ಯ ತಪ್ಪಿದರೆ, ನಿಗಮವು ತಾನು ಕೊಟ್ಟದ್ದನ್ನು ಮಾಲೀಕರಿಂದ ವಸೂಲು ಮಾಡುವ ಅಧಿಕಾರವನ್ನೂ ಹೊಂದಿದೆ. ಒಂದು ಅಪಘಾತಕ್ಕೇ ಬಾಗಿಲು ಮುಚ್ಚುವ ಸ್ಥಿತಿಗೆ ಬರಬಹುದಾದ ಸಣ್ಣ ಘಟಕಗಳಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಹೆರಿಗೆ ರಜೆಯ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಪ್ಪತ್ತಾರು ವಾರಗಳ ವೇತನ ಸಹಿತ ರಜೆ ಎಂದು ಕೇಳಿದೊಡನೆ ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಅಂಜುವವರಿದ್ದಾರೆ. ಆದರೆ ಆ ಮಹಿಳೆ ಇಎಸ್‌ಐ ವ್ಯಾಪ್ತಿಯಲ್ಲಿದ್ದು, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳು) 70 ದಿನಗಳ ವಂತಿಗೆ ಸಂದಾಯವಾಗಿದ್ದರೆ, ಆ 26 ವಾರಗಳ ಹಣವನ್ನು ಕೊಡುವುದು ನಿಗಮವೇ ಹೊರತು ಮಾಲೀಕರಲ್ಲ. ಮಾಲೀಕರು ಮಾಡಬೇಕಾದದ್ದು ಅವಳ ಕೆಲಸವನ್ನು ಕಾಯ್ದಿರಿಸುವುದು. ಬೆಂಗಳೂರು, ಮಂಡ್ಯ, ರಾಮನಗರ ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅಲ್ಲಿನ ಮಾಲೀಕರೂ ಮೇಲ್ವಿಚಾರಕರೂ ಇದನ್ನು ತಿಳಿದಿರಲೇಬೇಕು, ಏಕೆಂದರೆ ತಿಳಿಯದಿದ್ದಾಗ ಪೆಟ್ಟು ಬೀಳುವುದು ಬಸುರಿಯಾದ ಹೆಣ್ಣುಮಗಳ ಕೆಲಸಕ್ಕೆ.

ಭವಿಷ್ಯ ನಿಧಿ ಮತ್ತು ಅದರ ಬೆನ್ನಿಗೆ ಬರುವ ಪ್ರೋತ್ಸಾಹಧನ

ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲು ಸಾಮಾನ್ಯವಾಗಿ ವೇತನದ ಶೇಕಡಾ 12. ಅದರಲ್ಲಿ ಶೇಕಡಾ 8.33 ಪಿಂಚಣಿ ಯೋಜನೆಗೂ ಉಳಿದ ಶೇಕಡಾ 3.67 ನೌಕರನ ಪಿಎಫ್ ಖಾತೆಗೂ ಹೋಗುತ್ತದೆ. ಜೊತೆಗೆ ಆಡಳಿತ ವೆಚ್ಚಕ್ಕೆ ಶೇಕಡಾ ಅರ್ಧ, ಠೇವಣಿ ಸಂಬಂಧಿತ ವಿಮೆಗೆ ಶೇಕಡಾ ಅರ್ಧ. ಈ ವಿಮೆಯಿಂದ ಸೇವೆಯಲ್ಲಿರುವಾಗಲೇ ತೀರಿಕೊಂಡ ನೌಕರನ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹಿಂದಿನ ತಿಂಗಳ ಹಣವನ್ನು ಈ ತಿಂಗಳ 15ರೊಳಗೆ ಚಲನ್ ಸಹಿತ ಕಟ್ಟಬೇಕು.

ಇದಿಷ್ಟೂ ಖರ್ಚಿನ ಬದಿ. ಆದಾಯದ ಬದಿಯಲ್ಲಿರುವುದು ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಗೆ ಇಟ್ಟಿರುವ ಮೊತ್ತ 99,446 ಕೋಟಿ ರೂಪಾಯಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಇದು ಅನ್ವಯಿಸುತ್ತದೆ. ಇದರಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ಜೀವನದಲ್ಲಿ ಮೊದಲ ಬಾರಿಗೆ ಪಿಎಫ್ ವ್ಯಾಪ್ತಿಯ ಕೆಲಸಕ್ಕೆ ಸೇರಿದವರಿಗೆ: ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಆರು ತಿಂಗಳಾದಮೇಲೆ ಒಂದು ಕಂತು ಮತ್ತು ಹಣಕಾಸು ಸಾಕ್ಷರತೆಯ ಪಾಠ ಮುಗಿಸಿ ಹನ್ನೆರಡು ತಿಂಗಳಾದಮೇಲೆ ಇನ್ನೊಂದು ಕಂತು. ಎರಡನೆಯ ಭಾಗ ನೇರವಾಗಿ ಮಾಲೀಕರಿಗೆ.

ಮಾಲೀಕರು ಮೊದಲಿದ್ದ ಸಂಖ್ಯೆಗಿಂತ ಹೆಚ್ಚುವರಿಯಾಗಿ ಆಳುಗಳನ್ನು ಸೇರಿಸಿಕೊಂಡಿರಬೇಕು. ಐವತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆ ಕನಿಷ್ಠ ಇಬ್ಬರನ್ನೂ, ಐವತ್ತು ಅಥವಾ ಅದಕ್ಕಿಂತ ಹೆಚ್ಚಿರುವ ಸಂಸ್ಥೆ ಕನಿಷ್ಠ ಐವರನ್ನೂ ಸೇರಿಸಿಕೊಳ್ಳಬೇಕು, ಮತ್ತು ಅವರು ಕನಿಷ್ಠ ಆರು ತಿಂಗಳು ಉಳಿಯಬೇಕು. ಪಿಎಫ್ ವೇತನ 10,000 ರೂಪಾಯಿವರೆಗಿದ್ದರೆ ತಿಂಗಳಿಗೆ ತಲಾ 1,000 ರೂಪಾಯಿವರೆಗೆ, 10,000 ದಾಟಿ 20,000ದವರೆಗಿದ್ದರೆ 2,000, ಅದಕ್ಕೂ ಮೇಲೆ ಒಂದು ಲಕ್ಷದವರೆಗಿದ್ದರೆ 3,000 ರೂಪಾಯಿ ಎರಡು ವರ್ಷಗಳ ಕಾಲ ದೊರೆಯುತ್ತದೆ. ತಯಾರಿಕಾ ವಲಯಕ್ಕೆ ಇದು ಮೂರನೆಯ ಮತ್ತು ನಾಲ್ಕನೆಯ ವರ್ಷಕ್ಕೂ ಮುಂದುವರಿಯುತ್ತದೆ. ಹಣ ಬರುವುದು ಪ್ಯಾನ್ ಜೋಡಣೆಯಾದ ಸಂಸ್ಥೆಯ ಖಾತೆಗೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಪ್ಪತ್ತೆರಡು ಮಂದಿ ಇರುವ ಒಂದು ಬಿಡಿಭಾಗ ತಯಾರಿಕಾ ಘಟಕ ಇನ್ನೂ ನಾಲ್ವರನ್ನು ಸೇರಿಸಿಕೊಳ್ಳುತ್ತದೆ. ಲೆಕ್ಕ ಸುಲಭವಾಗಲೆಂದು ಅವರ ವೇತನ ತಲಾ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರಿಗೆ ಮಾಲೀಕರು ಕಟ್ಟುವ ಪಿಎಫ್ 1,800 ರೂಪಾಯಿ, ಆಡಳಿತ ವೆಚ್ಚ ಮತ್ತು ವಿಮೆ ಸೇರಿ 150, ಇಎಸ್‌ಐ ಸುಮಾರು 488. ಒಟ್ಟು 2,438 ರೂಪಾಯಿ. ಯೋಜನೆಯಿಂದ ಬರುವುದು 2,000 ರೂಪಾಯಿ. ಅಂದರೆ ಎಲ್ಲ ವಂತಿಗೆಗಳನ್ನೂ ಕಟ್ಟಿದಮೇಲೆ ಆ ಕೆಲಸಗಾರನಿಗಾಗಿ ಮಾಲೀಕರ ಮೇಲೆ ಬೀಳುವ ಹೆಚ್ಚುವರಿ ಹೊರೆ ತಿಂಗಳಿಗೆ 438 ರೂಪಾಯಿ ಮಾತ್ರ. ನಾಲ್ವರೂ ಉಳಿದುಕೊಂಡರೆ ಎರಡು ವರ್ಷಕ್ಕೆ 1,92,000 ರೂಪಾಯಿ, ತಯಾರಿಕಾ ಘಟಕವಾದ್ದರಿಂದ ನಾಲ್ಕು ವರ್ಷಕ್ಕೆ 3,84,000 ರೂಪಾಯಿ. ಹಾಜರಿ ಪುಸ್ತಕದಿಂದ ಹೊರಗಿಟ್ಟು ಉಳಿಸುತ್ತೇವೆ ಎಂದುಕೊಂಡ ಹಣದ ಬಹುಪಾಲನ್ನು ಸರ್ಕಾರವೇ ಭರಿಸಲು ಸಿದ್ಧವಿರುವಾಗ, ಹೊರಗಿಡುವುದರಲ್ಲಿ ಉಳಿತಾಯವೇನೂ ಇಲ್ಲ. ಮೇಲಿನ ವೇತನ ಲೆಕ್ಕಕ್ಕೆ ಹಿಡಿದದ್ದು ಅಷ್ಟೆ. ನಿಮ್ಮ ಉದ್ಯಮಕ್ಕೂ ವಲಯಕ್ಕೂ ನಿಗದಿಯಾದ ಕನಿಷ್ಠ ವೇತನ ಎಷ್ಟೆಂದು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲೇ ನೋಡಬೇಕು. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ.

ಆದಾಯ ತೆರಿಗೆಯಲ್ಲಿರುವ ರಿಯಾಯಿತಿ

1961ರ ಆದಾಯ ತೆರಿಗೆ ಕಾಯಿದೆಯಲ್ಲಿ 80ಜೆಜೆಎಎ ಎಂಬ ಕಲಮಿತ್ತು. ಹೆಚ್ಚುವರಿ ನೌಕರರಿಗೆ ಕೊಟ್ಟ ವೇತನವನ್ನು ವ್ಯಾಪಾರದ ಖರ್ಚೆಂದು ಪೂರ್ತಿ ತೋರಿಸಿದಮೇಲೂ, ಆ ಮೊತ್ತದ ಶೇಕಡಾ 30ನ್ನು ಮೂರು ವರ್ಷಗಳ ಕಾಲ ಮತ್ತೆ ಆದಾಯದಿಂದ ಕಳೆಯಲು ಅದು ಅವಕಾಶ ಕೊಡುತ್ತದೆ. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಉಳಿಸಿಕೊಟ್ಟ ಕೆಲವೇ ಕೆಲವು ರಿಯಾಯಿತಿಗಳಲ್ಲಿ ಇದೂ ಒಂದು. ಜಾರಿ ದಿನಾಂಕ 2026ರ ಏಪ್ರಿಲ್ 1 ಆಗಿರುವ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಈ ಕಲಮಿನ ಸಂಖ್ಯೆ ಬೇರೆ. ಆಡಿಟರ್ ಬಳಿ ಕೇಳುವಾಗ ಹಳೆಯ ಹೆಸರು ಹೇಳಿದರೂ ಅವರಿಗೆ ಅರ್ಥವಾದೀತು.

ಷರತ್ತುಗಳು ಬಿಗಿಯಾಗಿವೆ. ನೌಕರನ ವೇತನ ತಿಂಗಳಿಗೆ 25,000 ರೂಪಾಯಿ ಮೀರಿರಬಾರದು, ಅವನು ಭವಿಷ್ಯ ನಿಧಿಯ ಸದಸ್ಯನಾಗಿರಬೇಕು, ವರ್ಷದಲ್ಲಿ 240 ದಿನ ದುಡಿದಿರಬೇಕು. ಸಿದ್ಧ ಉಡುಪು, ಪಾದರಕ್ಷೆ ಮತ್ತು ಚರ್ಮೋದ್ಯಮದಲ್ಲಿ 150 ದಿನ ಸಾಕು. ವೇತನ ಬ್ಯಾಂಕಿನ ಮೂಲಕವೇ ಸಂದಾಯವಾಗಿರಬೇಕು. ಕೈಗೆ ಕೊಟ್ಟ ಕೂಲಿ ಇಲ್ಲಿ ಲೆಕ್ಕಕ್ಕಿಲ್ಲ. ಮೇಲೆ ಹೇಳಿದ ನಾಲ್ವರ ವಾರ್ಷಿಕ ವೇತನ 7,20,000 ರೂಪಾಯಿಯಾದರೆ, ವರ್ಷಕ್ಕೆ 2,16,000 ರೂಪಾಯಿ ಆದಾಯದಿಂದ ಕಳೆದುಹೋಗುತ್ತದೆ. ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಗೆ ಇದರಿಂದ ಉಳಿಯುವುದು 64,800 ರೂಪಾಯಿ. ಆದರೆ ಒಂದು ತೊಡಕನ್ನು ಮುಚ್ಚಿಡುವುದು ಸರಿಯಲ್ಲ: ಕಾನೂನಿನ ಪ್ರಕಾರ ತೆರಿಗೆ ಆಡಿಟ್‌ಗೆ ಒಳಪಡುವವರಿಗೆ ಮಾತ್ರ ಇದು ಲಭ್ಯ. ವಹಿವಾಟಿನಲ್ಲಿ ನಗದಿನ ಪಾಲು ಶೇಕಡಾ 5ನ್ನು ಮೀರದಿದ್ದರೆ 10 ಕೋಟಿ ರೂಪಾಯಿವರೆಗೆ ಆಡಿಟ್ ಕಡ್ಡಾಯವಲ್ಲವಾದ್ದರಿಂದ, ಎಲ್ಲವನ್ನೂ ಬ್ಯಾಂಕಿನ ಮೂಲಕ ನಡೆಸುವ ಅನೇಕ ಸಣ್ಣ ಘಟಕಗಳು ಈ ರಿಯಾಯಿತಿಯಿಂದ ಹೊರಗುಳಿಯುತ್ತವೆ. ಅತಿ ಹೆಚ್ಚು ನೆರವು ಬೇಕಾದವರೇ ಹೊರಗುಳಿಯುವ ಈ ವ್ಯವಸ್ಥೆಯನ್ನು ಸರಿಪಡಿಸುವ ಅಗತ್ಯ ಖಂಡಿತ ಇದೆ.

ಅಪ್ರೆಂಟಿಸ್‌ಗಳು

ಕೆಲಸ ಕಲಿತ ಕೈಗಳೇ ಸಿಗುತ್ತಿಲ್ಲ ಎಂಬ ದೂರು ಕೈಗಾರಿಕಾ ವಸಾಹತುಗಳಲ್ಲಿ ಸದಾ ಕೇಳಿಬರುತ್ತದೆ. 1961ರ ಅಪ್ರೆಂಟಿಸ್ ಕಾಯಿದೆ ಇದಕ್ಕೆ ಒಂದು ದಾರಿ. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತು ಮಂದಿ ಇರುವವರಿಗೆ ಅದು ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಐಟಿಐ ಮುಗಿಸಿದವರಿಗೂ ಹೊಸದಾಗಿ ಕಲಿಯುವವರಿಗೂ ಕೊಡುವ ಶಿಷ್ಯವೇತನದಲ್ಲಿ ಶೇಕಡಾ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯನ್ನು, ಕೇಂದ್ರ ಸರ್ಕಾರ ನೇರವಾಗಿ ಕಲಿಯುವವರ ಖಾತೆಗೆ ಹಾಕುತ್ತದೆ. ಡಿಪ್ಲೊಮಾ ಮತ್ತು ಪದವೀಧರರಿಗೆ ಇರುವ ಪ್ರತ್ಯೇಕ ಯೋಜನೆಯಲ್ಲಿ ಕನಿಷ್ಠ ಶಿಷ್ಯವೇತನದ ಅರ್ಧ ಭಾಗ ಸರ್ಕಾರದ್ದು.

ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲವೆಂದು ಕಾನೂನು ಹೇಳುವುದರಿಂದ ಅವನಿಗೆ ಪಿಎಫ್, ಇಎಸ್‌ಐ ಕಟ್ಟಬೇಕಾಗಿಲ್ಲ. ತರಬೇತಿ ಮುಗಿದಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಸಾಮಾನ್ಯವಾಗಿ ಇಲ್ಲ. ಈ ಸಡಿಲಿಕೆಯೇ ಕೆಲವೆಡೆ ದುರುಪಯೋಗಕ್ಕೆ ದಾರಿಯಾಗಿದೆ. ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಒಪ್ಪಂದ ನೋಂದಾಯಿಸದೆ, ಏನನ್ನೂ ಕಲಿಸದೆ, ಹುಡುಗರನ್ನು ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ಅಗ್ಗದ ಆಳಾಗಿ ದುಡಿಸಿಕೊಂಡರೆ ಅವರು ಕಾನೂನಿನ ಕಣ್ಣಿಗೆ ಅಪ್ರೆಂಟಿಸ್‌ಗಳಾಗುವುದಿಲ್ಲ, ಸಾಮಾನ್ಯ ಕಾರ್ಮಿಕರೇ ಆಗುತ್ತಾರೆ. ಆಗ ಬಾಕಿಯ ಲೆಕ್ಕವೂ ಅದಕ್ಕೆ ತಕ್ಕಂತೆ ಬರುತ್ತದೆ.

ಸಲಹೆ ಕೇಳುವುದು ಈಗ ಒಂದು ಹಕ್ಕು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾನೂನುಗಳು ಅವುಗಳಲ್ಲಿ ಸೇರಿಹೋದವು. ವೇತನ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯ ಇವು ಅವುಗಳ ವಿಷಯಗಳು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು. ತಿಂಗಳ ವೇತನವನ್ನು ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಒಂದು ವರ್ಷದ ಸೇವೆಗೇ ಗ್ರ್ಯಾಚುಟಿ ಸಲ್ಲುತ್ತದೆ. ವೇತನದ ವ್ಯಾಖ್ಯೆಯೂ ಬದಲಾಗಿದೆ: ಭತ್ಯೆಗಳ ಪಾಲು ಒಟ್ಟು ಸಂಭಾವನೆಯ ಅರ್ಧವನ್ನು ದಾಟಿದರೆ, ದಾಟಿದ ಭಾಗವೂ ವೇತನವೆಂದೇ ಎಣಿಕೆಯಾಗುತ್ತದೆ. ಮೂಲವೇತನವನ್ನು ಚಿಕ್ಕದಾಗಿ ತೋರಿಸಿ ಉಳಿದದ್ದನ್ನು ಭತ್ಯೆಯೆಂದು ಬರೆಯುವ ಹಳೆಯ ರೂಢಿ ಇನ್ನು ನಡೆಯುವುದಿಲ್ಲ.

ಇವುಗಳ ನಡುವೆ ಸಣ್ಣ ಮಾಲೀಕರು ಗಮನಿಸಬೇಕಾದ ಬದಲಾವಣೆ ಹಳೆಯ ಇನ್‌ಸ್ಪೆಕ್ಟರ್ ಹುದ್ದೆಯದು. ಆ ಅಧಿಕಾರಿ ಈಗ ನಿರೀಕ್ಷಕ ಮತ್ತು ಸಹಾಯಕ ಎರಡೂ ಆಗಿದ್ದಾನೆ. ಕಾನೂನನ್ನು ಪಾಲಿಸುವ ಬಗೆ ಹೇಗೆಂದು ಮಾಲೀಕರಿಗೂ ಕಾರ್ಮಿಕರಿಗೂ ಸಲಹೆ ಕೊಡುವುದು ಅವನ ಕರ್ತವ್ಯಗಳಲ್ಲಿ ಒಂದೆಂದು ಸಂಹಿತೆಯೇ ಬರೆದಿದೆ. ದಾಖಲೆ ಸರಿಯಾಗಿ ಇಡದಂತಹ ಲೋಪ ಕಂಡರೆ, ಮೊಕದ್ದಮೆ ಹೂಡುವ ಮುನ್ನ ಲಿಖಿತ ಸೂಚನೆ ಕೊಟ್ಟು, ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಡಬೇಕು. ಅಷ್ಟರೊಳಗೆ ಸರಿಪಡಿಸಿದರೆ ಮೊಕದ್ದಮೆಯಿಲ್ಲ. ಆದರೆ ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಈ ಅವಕಾಶ ಸಿಗುವುದಿಲ್ಲ. ಇನ್‌ಸ್ಪೆಕ್ಟರ್ ಬಂದರೆಂದರೆ ಮಧ್ಯವರ್ತಿಯನ್ನು ಹುಡುಕುವ ಅಭ್ಯಾಸವಿರುವಲ್ಲಿ, ನಾವೇ ಮೊದಲು ಲಿಖಿತವಾಗಿ ಸಲಹೆ ಕೇಳಿ ಉತ್ತರವನ್ನು ಕಡತದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬೆಳೆಯಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ.

ಬಾಕಿ ಹಣ ಮತ್ತು ಸಂಬಳದ ದಿನ

ಸಂಬಳ ತಡವಾಗುವುದಕ್ಕೆ ಎಷ್ಟೋ ಸಲ ಕಾರಣ ಮಾಲೀಕರ ಮನಸ್ಸಲ್ಲ. ದೊಡ್ಡ ಕಂಪನಿಯಿಂದ ಬರಬೇಕಾದ ಹಣ ಬಂದಿರುವುದಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯಿದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ದೂರನ್ನು ಎಂಎಸ್‌ಎಂಇ ಸಚಿವಾಲಯದ ಪೋರ್ಟಲಿನಲ್ಲಿ ಸಲ್ಲಿಸಿದರೆ ಅದು ರಾಜ್ಯದ ಸೌಲಭ್ಯ ಮಂಡಳಿಯ ಮುಂದೆ ಹೋಗುತ್ತದೆ. ಮಂಡಳಿಯ ತೀರ್ಪನ್ನು ಖರೀದಿದಾರ ಪ್ರಶ್ನಿಸಬೇಕಾದರೆ ತೀರ್ಪಿನ ಮೊತ್ತದ ಶೇಕಡಾ 75ನ್ನು ಮೊದಲು ನ್ಯಾಯಾಲಯದಲ್ಲಿ ಠೇವಣಿಯಿಡಬೇಕು. ಇದರ ಪ್ರಯೋಜನ ಬೇಕಾದರೆ ಸರಕು ಪೂರೈಸುವ ಮೊದಲೇ ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿಯನ್ನು ಮಾಡಿಸಿಕೊಂಡಿರುವುದು ಕ್ಷೇಮ. ಆ ನೋಂದಣಿ ಸಂಪೂರ್ಣ ಉಚಿತ, ಕಾಗದಪತ್ರ ಏರಿಸುವ ಅಗತ್ಯವೂ ಇಲ್ಲ. ಅದಕ್ಕೆ ಹಣ ಕೇಳುವ ಜಾಲತಾಣ ಯಾವುದೇ ಇರಲಿ, ಅದು ಸರ್ಕಾರದ್ದಲ್ಲ. ಮೇಲಾಧಾರವಿಲ್ಲದೆ ಸಾಲ ಬೇಕಾದವರಿಗೆ ಇರುವ ಸಾಲ ಖಾತರಿ ನಿಧಿಯ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿದೆ. ಅದಕ್ಕೂ ಬ್ಯಾಂಕು ಮೊದಲು ಕೇಳುವುದು ಉದ್ಯಮ್ ಸಂಖ್ಯೆಯನ್ನೇ.

ಎಲ್ಲಿ ಕೇಳಬೇಕು, ಏನನ್ನು ಒಯ್ಯಬೇಕು

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರವೂ ಕಾರ್ಮಿಕ ಅಧಿಕಾರಿಯ ಕಚೇರಿಯೂ ಇವೆ. ಬೆಂಗಳೂರಿನ ರಾಜಾಜಿನಗರದಲ್ಲಿ ಕೇಂದ್ರದ ಎಂಎಸ್‌ಎಂಇ ಅಭಿವೃದ್ಧಿ ಮತ್ತು ಸೌಲಭ್ಯ ಕಚೇರಿಯಿದೆ. ಕಾಸಿಯಾದಂತಹ ಸಣ್ಣ ಕೈಗಾರಿಕೆಗಳ ಸಂಘಗಳೂ ಕನ್ನಡದಲ್ಲೇ ಮಾರ್ಗದರ್ಶನ ಕೊಡಬಲ್ಲವು. ಆಳು ಬೇಕಾದವರು ರಾಷ್ಟ್ರೀಯ ವೃತ್ತಿ ಸೇವಾ ಪೋರ್ಟಲಿನಲ್ಲಿ ಖಾಲಿ ಹುದ್ದೆಗಳನ್ನು ಯಾವ ಶುಲ್ಕವೂ ಇಲ್ಲದೆ ಪ್ರಕಟಿಸಬಹುದು. ಪಿಎಫ್ ವಿಷಯಕ್ಕೆ ಅತ್ಯಂತ ಉಪಯುಕ್ತವಾದದ್ದು ನಿಧಿ ಆಪ್‌ಕೆ ನಿಕಟ್ ಎಂಬ ಜಿಲ್ಲಾ ಶಿಬಿರ. 2023ರ ಜನವರಿಯಿಂದ ಪ್ರತಿ ತಿಂಗಳ 27ರಂದು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ, ಪಿಎಫ್ ಅಧಿಕಾರಿಗಳು ಜಿಲ್ಲೆಗೇ ಬಂದು ಕೂರುತ್ತಾರೆ. ಅಲ್ಲಿಗೆ ನೌಕರರಷ್ಟೇ ಅಲ್ಲ, ಮಾಲೀಕರೂ ಹೋಗಬಹುದು.

ಹೋಗುವ ಮೊದಲು ಒಂದು ಕೆಲಸವನ್ನು ಕಾರ್ಖಾನೆಯಲ್ಲೇ ಮುಗಿಸಿಕೊಳ್ಳಬೇಕು. ನಮ್ಮ ಕಡೆಯ ಹೆಸರುಗಳಲ್ಲಿ ತಂದೆಯ ಹೆಸರಿನದೋ ಊರಿನದೋ ಮೊದಲಕ್ಷರ ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಮುಂದೆ, ಬ್ಯಾಂಕ್ ಪುಸ್ತಕದಲ್ಲಿ ಪೂರ್ತಿ ಬಿಡಿಸಿ, ಶಾಲೆಯ ಅಂಕಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಇರುತ್ತದೆ. ಹೊಸ ಸದಸ್ಯರ ಪಿಎಫ್ ಸಂಖ್ಯೆ ಈಗ ಉಮಂಗ್ ಆ್ಯಪಿನಲ್ಲಿ ಮುಖ ಗುರುತಿಸುವಿಕೆಯ ಮೂಲಕ, ಆಧಾರ್‌ನಲ್ಲಿರುವ ಹೆಸರಿನಲ್ಲೇ ಸೃಷ್ಟಿಯಾಗುತ್ತದೆ, ಕೆಲಸಗಾರನ ಪಾಲಿನ ಪ್ರೋತ್ಸಾಹಧನ ಅವನ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಆದ್ದರಿಂದ ಕೆಲಸಕ್ಕೆ ಸೇರುವ ದಿನವೇ ಕೆಲಸಗಾರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಪುಸ್ತಕ ಮೂರನ್ನೂ ಮೇಜಿನ ಮೇಲಿಟ್ಟು, ಹೆಸರು, ಜನ್ಮದಿನಾಂಕ ಮತ್ತು ತಂದೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ವ್ಯತ್ಯಾಸ ಕಂಡರೆ ಮೊದಲ ಚಲನ್ ಕಟ್ಟುವ ಮುನ್ನವೇ ಸರಿಪಡಿಸಿಕೊಳ್ಳಲು ಅವನಿಗೆ ಅರ್ಧ ದಿನದ ರಜೆ ಕೊಟ್ಟು ಆಧಾರ್ ಕೇಂದ್ರಕ್ಕೆ ಕಳುಹಿಸಬೇಕು.